ಖಾಲಿ ಕುರ್ಚಿ ಒಯ್ಯಬಾರದು

ಬೈಲಹೊಂಗಲದಲ್ಲಿ ನನ್ನನ್ನು ದೂರದಿಂದ ಗುರುತು ಹಿಡಿಯುವವರು ಮುಖ ನೋಡಿ ಹಿಡಿಯುವುದಿಲ್ಲ, ಮೊಣಕಾಲು ನೋಡಿ ಹಿಡಿಯುತ್ತಾರೆ. ಮುಖದಲ್ಲಿ ಅಂಥ ವಿಶೇಷವೇನೂ ಇಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನಾನೇ ಒಮ್ಮೆ ಕನ್ನಡಿ ಮುಂದಿಟ್ಟುಕೊಂಡು ಅದನ್ನು ಬರೆಯಲು ಕೂತು, ಮೂಗಿನವರೆಗೆ ಬಂದು, ಬೇಸರವಾಗಿ ಬಿಟ್ಟುಬಿಟ್ಟಿದ್ದೇನೆ. ಆದರೆ ಸೈಕಲ್ ಹತ್ತಿದೆನೆಂದರೆ ನನ್ನ ಎರಡು ಮೊಣಕಾಲುಗಳಲ್ಲಿ ಒಂದು ಸವದತ್ತಿಯ ಕಡೆಗೆ, ಇನ್ನೊಂದು ಕಿತ್ತೂರಿನ ಕಡೆಗೆ ಹೊರಟು ನಿಲ್ಲುತ್ತವೆ. ಮಿಲ್ಲಿಗೆ ಹತ್ತಿ ಹೇರಿಕೊಂಡು ಹೋಗುವ ಚಕ್ಕಡಿಯವರು ದೂರದಿಂದಲೇ, "ಮಾಸ್ತರ ಮೊಣಕಾಲ ಬಂದ್ವು, ಹಾದಿ ಬಿಡ್ರೆಪಾ" ಎಂದು ಎತ್ತುಗಳನ್ನು ಪಕ್ಕಕ್ಕೆ ಎಳೆಯುತ್ತಾರೆ. ಹುಟ್ಟಿನಿಂದ ನಾನು ಹೀಗಿರಲಿಲ್ಲ. ಮದುವೆಯ ಹೊತ್ತಿಗೆ ನನ್ನ ಮೊಣಕಾಲುಗಳು ಎಲ್ಲರ ಮೊಣಕಾಲುಗಳಂತೆ ಮುಂದಕ್ಕೇ ಇದ್ದವು. ಮಾವನವರು ಅವನ್ನು ನೋಡಿಯೇ ಮಗಳನ್ನು ಕೊಟ್ಟದ್ದು. ಮುಂದೆ ಅವು ಹೀಗಾಗುವುದಕ್ಕೆ ಕಾರಣರಾದವರೂ ಅವರೇ.

ನಮ್ಮ ಕಡೆ ಬಾಣಂತನ ಮುಗಿಸಿ ಮಗಳನ್ನು ಕೂಸಿನ ಸಮೇತ ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸುತ್ತಾರೆ. ನನ್ನ ಹೆಂಡತಿ ಗಿರಿಜೆಯ ತವರು ರಾಮದುರ್ಗ. ಮಾವನವರದು ಅಲ್ಲಿ ಸೀರೆ ಅಂಗಡಿ. ಆದರೆ ಅವರ ಜೀವವಿರುವುದು ಸೀರೆಯಲ್ಲಲ್ಲ, ನಟ್ಟು, ಬೋಲ್ಟು, ಸ್ಪ್ರಿಂಗುಗಳಲ್ಲಿ. ಮನೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂತೆ ಅದೇನೋ ಮಾಡಲು ಹೋಗಿ, ಅದು ತಾನಾಗಿಯೇ ಮುಚ್ಚಿಕೊಂಡು ಮತ್ತೆ ತೆರೆಯದೆ, ಅತ್ತೆಯವರು ಒಂದು ಮಧ್ಯಾಹ್ನವಿಡೀ ಕಿಟಕಿಯಿಂದಲೇ ಸಂಸಾರ ನಡೆಸಿದ್ದುಂಟು. ಅಂಥ ಮಾವನವರು ನಮ್ಮ ಮಗಳು ನೀಲಿಯನ್ನು ಕಳಿಸುವಾಗ ತೊಟ್ಟಿಲಿನ ಜೊತೆಗೆ ಇನ್ನೊಂದು ಸಾಮಾನನ್ನೂ ಬಸ್ಸಿನ ಮೇಲೆ ಏರಿಸಿದರು. ಸೈಕಲ್ಲಿನ ಮುಂದಿನ ದಂಡಕ್ಕೆ ಬಿಗಿಯುವ ಪುಟ್ಟ ಕುರ್ಚಿ. ಸರಳು ಬಾಗಿಸಿದ್ದು ಅವರೂರಿನ ಕಮ್ಮಾರ, ಬೆತ್ತ ಹೆಣೆದದ್ದು ಮೇದಾರರು, ಬುದ್ಧಿ ಪೂರ್ತಿ ಮಾವನವರದು. "ಅಳಿಯಂದ್ರ, ತೊಟ್ಲಾ ಮನ್ಯಾಗ ತೂಗಾಕ, ಇದು ರಸ್ತೇದಾಗ ತೂಗಾಕ. ನಿಮ್ಮೂರ ರಸ್ತೆ ನಾ ನೋಡೇನಿ. ನೀವು ಬ್ಯಾರೆ ತೂಗೂದೇನ ಬೇಕಾಗಿಲ್ಲ" ಎಂದರು. ಅದರ ದೊಡ್ಡ ವಿಶೇಷವೆಂದರೆ ಎರಡು ಬೋಲ್ಟು ಬಿಚ್ಚಿ ತಿರುಗಿಸಿ ಕೂಡಿಸಿದರೆ ಅದು ಎರಡೂ ದಿಕ್ಕಿಗೆ ಮುಖ ಮಾಡುತ್ತಿತ್ತು. ಬೇಕೆಂದರೆ ಕೂಸು ಅಪ್ಪನ ಕಡೆ ನೋಡುತ್ತ ಕೂಡಬಹುದು, ಬೇಕೆಂದರೆ ರಸ್ತೆಯ ಕಡೆ. ಇನ್ನೊಂದು ವಿಶೇಷ ಅದರ ತೂಕ. ಅದನ್ನು ಬಿಗಿದ ಮೇಲೆ ನನ್ನ ಸೈಕಲ್ಲು ನಿಂತಲ್ಲೇ ತಲೆ ಬಗ್ಗಿಸಿ ನಮಸ್ಕಾರ ಮಾಡತೊಡಗಿತು.

ಕೂಸಿನ ಕುತ್ತಿಗೆ ಗಟ್ಟಿಯಾಗಿ ತಾನಾಗಿ ಕೂಡುವವರೆಗೆ ಕುರ್ಚಿಯನ್ನು ಮುಟ್ಟಕೂಡದೆಂದು ಗಿರಿಜೆ ಹೇಳಿದ್ದಳು. ಮುಟ್ಟಲಿಲ್ಲ, ದಿನಾ ಒರೆಸುತ್ತಿದ್ದೆ ಅಷ್ಟೆ. ನೀಲಿ ಕೂಡತೊಡಗಿದ ಮೇಲೆ ಪ್ರಶ್ನೆ ಬಂದದ್ದು ಯಾವ ದಿಕ್ಕಿಗೆ ಕೂಡಿಸಬೇಕೆಂದು. ನಮ್ಮ ಮನೆಯಲ್ಲಿ ಇಂಥ ಪ್ರಶ್ನೆಗಳು ನಮ್ಮವ್ವನ ಮುಂದೆ ಹೋಗಿ ಅಲ್ಲೇ ಮುಗಿಯುತ್ತವೆ. "ಕೂಸಿನ ಮಾರಿ ಅಪ್ಪನ ಕಡೆ ಇರಬೇಕು. ಎದುರು ಗಾಳಿ ಮೂಗಿನಾಗ ಹೊಕ್ಕಂಗಿಲ್ಲ, ಮಂದಿ ದೃಷ್ಟಿ ತಾಗಂಗಿಲ್ಲ" ಎಂದು ಅವ್ವ ತೀರ್ಪು ಕೊಟ್ಟು, ಹಳೆಯ ಬಟ್ಟೆಯ ಒಂದು ಸಣ್ಣ ಕೌದಿ ಹೊಲಿದು ಕುರ್ಚಿಯಲ್ಲಿ ಹಾಸಿದಳು. ನನ್ನ ಹೆಗಲ ಮೇಲಿನ ವಲ್ಲಿಯನ್ನು ಮಡಚಿ ಕೂಸಿನ ಸೊಂಟಕ್ಕೆ ಸುತ್ತಿ ಹಿಂದೆ ಗಂಟು ಹಾಕಿದಳು. ಗಿರಿಜೆ ಬಂದು ಅದರ ಮೇಲೆ ಇನ್ನೊಂದು ಗಂಟು ಹಾಕಿದಳು. ಇಬ್ಬರೂ ಒಳಗೆ ಹೋದ ಮೇಲೆ ನಾನೊಂದು ಹಾಕಿದೆ.

ಆಮೇಲಿನ ತಿಂಗಳುಗಳಷ್ಟು ಸುಖವಾಗಿ ನಾನು ಎಂದೂ ಸೈಕಲ್ ಹೊಡೆದಿಲ್ಲ, ಅಷ್ಟು ಕೆಟ್ಟದಾಗಿಯೂ ಹೊಡೆದಿಲ್ಲ. ನನ್ನೆದುರಿಗೆ ಒಂದು ಗೇಣಿನ ಆಚೆ ಮಗಳ ಮುಖ. ಅದರ ಹಿಂದೆ ಎಲ್ಲೋ ದೂರದಲ್ಲಿ ರಸ್ತೆ. ಯಾವುದನ್ನು ನೋಡುವುದು? ಆಕೆ ನನ್ನ ಕನ್ನಡಕ ಕಿತ್ತು ಅಂಚನ್ನು ಜಗಿಯುತ್ತಿದ್ದಳು. ಕಿಸೆಯ ಪೆನ್ನು ತೆಗೆದು ನನ್ನ ಅಂಗಿಯ ಮೇಲೆ ಗೆರೆ ಎಳೆಯುತ್ತಿದ್ದಳು. ಚಿತ್ರಕಲೆ ರಕ್ತದಲ್ಲೇ ಬಂದಿದೆಯೆಂದು ನಾನು ಆ ಅಂಗಿಯನ್ನು ಶಾಲೆಯಲ್ಲಿ ಎಲ್ಲರಿಗೂ ತೋರಿಸಿದೆ. ನಾನು ಏದುಸಿರು ಬಿಟ್ಟರೆ ಆಕೆಯೂ ಬಿಡುವಳು. ನಾನು ಏರಿನಲ್ಲಿ ಹಲ್ಲು ಕಚ್ಚಿದರೆ ಆಕೆ ತನ್ನ ಎರಡೇ ಹಲ್ಲನ್ನು ಕಚ್ಚುವಳು. ರಸ್ತೆಯಲ್ಲಿ ಎಮ್ಮೆ ಬಂದದ್ದು ನನಗೆ ಎಮ್ಮೆಯ ಸೆಗಣಿಯ ಮೇಲೆ ಹೋದಾಗಲೇ ತಿಳಿಯುತ್ತಿತ್ತು. ಮಗಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಬೇರೆ ಯಾರ ಅಡ್ಡಿಯೂ ಇಲ್ಲದೆ ನೋಡುವ ಭಾಗ್ಯ ಎಷ್ಟು ಮಂದಿ ತಂದೆಗಳಿಗೆ ಇದೆ? ಮನೆಯಲ್ಲಾದರೆ ಅವ್ವನದೋ ಗಿರಿಜೆಯದೋ ಪಾಳಿ ಮುಗಿಯುವವರೆಗೆ ನಾನು ಕಾಯಬೇಕು. ಸೈಕಲ್ ಮೇಲೆ ಪಾಳಿ ಪೂರ್ತಿ ನನ್ನದೇ.

ಇಲ್ಲಿ ನನ್ನಪ್ಪನನ್ನು ನೆನೆಯಬೇಕು. ನಾನು ಹುಟ್ಟಿ ಬೆಳೆದದ್ದು ಕಿತ್ತೂರಿನಲ್ಲಿ. ನಮ್ಮಪ್ಪನಿಗೆ ಸೈಕಲ್ಲೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ, ಹೆಗಲಿತ್ತು. ನಾನು ಅದರ ಮೇಲೆ ಕೂತು, ಬೀಳದ ಹಾಗೆ ಅವನ ರುಮಾಲನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದೆ. ಹೊಲ ಮುಟ್ಟುವ ಹೊತ್ತಿಗೆ ರುಮಾಲು ಬಿಚ್ಚಿ ಹಿಂದೆ ಅರ್ಧ ದಾರಿಯವರೆಗೆ ಎಳೆಯುತ್ತ ಬಂದಿರುತ್ತಿತ್ತು. ಅಪ್ಪ ಅದನ್ನು ಸುತ್ತಿಕೊಂಡು ಕೆಲಸಕ್ಕೆ ಹತ್ತುತ್ತಿದ್ದ. ಹೆಗಲಿನಿಂದ ನನ್ನನ್ನು ಯಾವಾಗ ಇಳಿಸಿದ, ಏನೆಂದು ಹೇಳಿ ಇಳಿಸಿದ, ಇಳಿಸಿದಾಗ ಅವನಿಗೆ ಏನನ್ನಿಸಿತು, ಒಂದೂ ನನಗೆ ಗೊತ್ತಿಲ್ಲ. ಆ ಕಾಲದವರು ಇಂಥದ್ದಕ್ಕೆಲ್ಲ ಮಾತು ಖರ್ಚು ಮಾಡುತ್ತಿರಲಿಲ್ಲ. ನಾನು ಮಾಡುತ್ತೇನೆ.

ಕುರ್ಚಿ ಬಂದ ಹೊಸದರಲ್ಲೇ ಇನ್ನೊಂದು ತೊಡಕು ಎದ್ದಿತು. ಶಾಲೆಗೆ ನಾನು ಒಬ್ಬನೇ ಹೋಗುವವನು. ದಿನಾ ಕುರ್ಚಿ ಬಿಚ್ಚಿ ಕೂಡಿಸುವುದು ಆಗದ ಮಾತೆಂದು ಹಾಗೇ ಹೊರಟೆ. ಅವ್ವ ಬಾಗಿಲಿಗೆ ಅಡ್ಡ ಬಂದು ನಿಂತಳು. ಕೂಸಿಲ್ಲದ ತೊಟ್ಟಿಲನ್ನು ತೂಗಬಾರದೆಂಬುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದ ನೇಮ. ತೂಗಿದರೆ ಕೂಸಿಗೆ ಆಗಿಬರುವುದಿಲ್ಲವಂತೆ.

"ತಮ್ಮಾ, ಖಾಲಿ ಖುರ್ಚಿ ಒಯ್ಯಬಾರದು. ತೊಟ್ಲದ ಜೋಡಿ ಬಂದದ್ದಿದು. ತೊಟ್ಲದ ನೇಮಾನ ಇದಕ್ಕೂ."

"ಅವ್ವಾ, ಇದು ಕಬ್ಬಿಣದ್ದವ್ವಾ, ಸೈಕಲ್ ಸಾಮಾನು."

"ತೊಟ್ಲದ ಸರಪಳಿ ಏನ ಬಂಗಾರದ್ದೇನು? ಹಗಲೆಲ್ಲಾ ಖಾಲಿ ಖುರ್ಚಿ ಊರ ತುಂಬಾ ತೂಗಿಸಿಕೋತ ಹೋಗ್ತಿ, ಮನ್ಯಾಗ ಕೂಸಿನ ಹೊಟ್ಟಿ ನೋವು ನಾ ನೋಡಬೇಕು."

ನಾನು ಓದಿದವನು, ನಾಲ್ಕು ಮಕ್ಕಳಿಗೆ ಬುದ್ಧಿ ಹೇಳುವವನು. ಆದರೆ ಕೂಸಿನ ಹೊಟ್ಟೆನೋವಿನ ಮಾತು ಬಂದ ಮೇಲೆ ವಾದ ಮಾಡುವ ಧೈರ್ಯ ಯಾರಿಗಿದೆ? ಅವ್ವ ಒಳಗಿನಿಂದ ಒಂದು ತೆಂಗಿನಕಾಯಿ ತಂದು ಕುರ್ಚಿಯಲ್ಲಿಟ್ಟು ವಲ್ಲಿಯಿಂದ ಕಟ್ಟಿದಳು. ಅಂದಿನಿಂದ ನೀಲಿ ಇಲ್ಲದಾಗ ಕುರ್ಚಿಯಲ್ಲಿ ದಿನಕ್ಕೊಂದು ಪ್ರಯಾಣಿಕ. ಒಂದು ದಿನ ಬದನೆಕಾಯಿ, ಒಂದು ದಿನ ಉಳ್ಳಾಗಡ್ಡಿ, ಒಂದು ದಿನ ನೀರಿನ ತಂಬಿಗೆ. ತಂದದ್ದನ್ನು ಸುಮ್ಮನೆ ಇಡುವುದೇಕೆಂದು ನಾನು ಅವನ್ನೇ ಮೇಜಿನ ಮೇಲಿಟ್ಟು ಹುಡುಗರಿಂದ ಬರೆಸತೊಡಗಿದೆ. ಆ ವರ್ಷ ನಮ್ಮ ಶಾಲೆಯ ಹುಡುಗರು ಕಾಯಿಪಲ್ಯ ಬರೆಯುವುದರಲ್ಲಿ ಭಾರಿ ಕೈ ತಿರುಗಿಸಿಕೊಂಡರು. ಹೂವು, ಹಕ್ಕಿ ಕೊಟ್ಟರೆ ಮಾತ್ರ ಅವೂ ಬದನೆಕಾಯಿಯಂತೆಯೇ ಬರುತ್ತಿದ್ದವು.

ಚಳಿಗಾಲದ ಒಂದು ದಿನ ಪ್ರಯಾಣಿಕನಾಗಿ ಬಂದದ್ದು ಕುಂಬಳಕಾಯಿ. ಅದು ನುಣುಪಾಗಿದ್ದುದರಿಂದ ವಲ್ಲಿಯ ಗಂಟಿನಿಂದ ಜಾರುತ್ತಿತ್ತು. ಅಲ್ಲೇ ಬಿದ್ದಿದ್ದ ನೀಲಿಯ ಕುಂಚಿಗೆಯನ್ನು ಅದರ ತಲೆಗೆ ಹಾಕಿ, ಗಲ್ಲದ ಕೆಳಗೆ ದಾರ ಬಿಗಿದು ಹೊರಟೆ. ಕುಂಬಳಕಾಯಿಗೆ ಗಲ್ಲ ಎಲ್ಲಿಂದ ಬಂತೆಂದು ಕೇಳಬೇಡಿ, ದಾರ ಕಟ್ಟಿದ ಮೇಲೆ ಬರುತ್ತದೆ. ಶಾಲೆಯ ಗೇಟಿನಲ್ಲಿ ಹೆಡ್‌ಮಾಸ್ತರ ಕುಲಕರ್ಣಿಯವರು ಎದುರಾದರು. ದೊಡ್ಡ ವಿದ್ವಾಂಸರು, ದಪ್ಪ ಕನ್ನಡಕದವರು, ಓದುವಾಗ ಮಾತ್ರ ಅದನ್ನು ಹಾಕಿಕೊಳ್ಳುವವರು. "ಏನ್ರಿ ಡ್ರಾಯಿಂಗ್ ಮಾಸ್ತರ, ಕೂಸನ್ನ ಕರಕೊಂಡು ಬಂದೀರಿ! ಭಾಳ ಶಾಣ್ಯಾ ಅದ ಬಿಡ್ರಿ. ಅಳೂದಿಲ್ಲ, ಕಿರಿಕಿರಿ ಇಲ್ಲ" ಎಂದು ಬಗ್ಗಿ ಅದರ ಕೆನ್ನೆ ತಟ್ಟಿದರು. ತಟ್ಟಿ, "ಮೈ ಜರಾ ತಣ್ಣಗದ. ಬಿಸಲಾಗ ಕೂಡಸ್ರಿ" ಎಂದು ಕಾಳಜಿಯಿಂದ ಹೇಳಿ, ಗಂಟೆಯಾಯಿತೆಂದು ಒಳಗೆ ಹೋಗಿಬಿಟ್ಟರು. ನನಗೆ ಬಾಯಿ ತೆರೆಯಲೂ ಸಮಯ ಸಿಗಲಿಲ್ಲ. ಅಂದು ಎರಡು ತರಗತಿಗಳು ಕುಂಬಳಕಾಯಿ ಬರೆದವು. ಹೆಡ್‌ಮಾಸ್ತರರು ವರಾಂಡದಲ್ಲಿ ಎರಡು ಸಲ ಹಾದುಹೋದರು. ನೋಡಿರಬೇಕು, ತಿಳಿದಿರಬೇಕು ಎಂದು ನಾನು ನೆಮ್ಮದಿಯಿಂದಿದ್ದೆ. ಮರುದಿನ ಅವರು, "ನಿನ್ನೆ ಮುಂದ ಕುಂತಿತ್ತಲ್ಲ, ಹ್ಯಾಂಗದರಿ ಈಗ?" ಎಂದು ಕೇಳಿದಾಗ, "ರಾತ್ರಿ ಹೆಚ್ಚಿ ಪಲ್ಯಾ ಮಾಡಿದ್ವಿರಿ ಸರ್. ಭಾಳ ರುಚಿ ಇತ್ತು" ಎಂದೆ. ಕುಲಕರ್ಣಿಯವರು ಕಿಸೆಯಲ್ಲಿದ್ದ ಕನ್ನಡಕವನ್ನು ನಿಧಾನವಾಗಿ ತೆಗೆದು ಹಾಕಿಕೊಂಡು ನನ್ನನ್ನು ನೋಡಿದರು. ಎಲ್ಲ ಬಿಡಿಸಿ ಹೇಳಲು ನನಗೆ ಇಡೀ ಬಿಡುವು ಬೇಕಾಯಿತು. ನಂಬಿದರು. ಆದರೆ ಅಂದಿನಿಂದ ನನ್ನ ಸೈಕಲ್ಲಿನ ಮೇಲೆ ಯಾರೇ ಕೂತಿರಲಿ, ಅವರು ಮೊದಲು ಬೆರಳಿನಿಂದ ಒತ್ತಿ ನೋಡಿಯೇ ಮಾತಾಡಿಸುತ್ತಿದ್ದರು.

ಕೂಸು ಬೆಳೆಯಿತು. ಇದು ಕೂಸುಗಳು ತಂದೆಯನ್ನು ಕೇಳದೆ ಮಾಡುವ ಮೊದಲ ಕೆಲಸ. ನೀಲಿ ಈಗ ನನ್ನ ಮುಖ ನೋಡುವುದನ್ನು ಬಿಟ್ಟು, ಕತ್ತು ತಿರುಗಿಸಿ ತಿರುಗಿಸಿ ತನ್ನ ಬೆನ್ನ ಹಿಂದಿನ ರಸ್ತೆ ನೋಡತೊಡಗಿದಳು. ಹ್ಯಾಂಡಲ್ಲಿಗೆ ಆತುಕೊಂಡು ಅರ್ಧ ಏಳುವಳು. ಗಿರಿಜೆ ಇದನ್ನು ಎರಡು ದಿನ ಬಾಗಿಲಲ್ಲಿ ನಿಂತು ನೋಡಿದಳು.

"ಇಲ್ಲಿ ನೋಡ್ರಿ, ಖುರ್ಚಿ ಆ ಕಡೆ ತಿರುವ್ರಿ. ಕೂಸಿನ ಕುತ್ತಿಗಿ ಉಳುಕತೈತಿ."

"ಇನ್ನಾ ಸಣ್ಣದೈತಿ. ಎದುರು ಗಾಳಿ ಬಡಿತೈತಿ. ಅವ್ವ ಹೇಳ್ಯಾಳ."

"ಅತ್ತ್ಯಾರು ಹೇಳಿದ್ದು ಹೋದ ವರ್ಷ. ಎಷ್ಟ ದಿನಾ ಅಂತ ಅದು ನಿಮ್ಮ ಮಾರೀನ ನೋಡಬೇಕ್ರಿ? ಅದಕ್ಕೂ ಬ್ಯಾಸರಕಿ ಬರಂಗಿಲ್ಲೇನು?"

ನಾನು ಕನ್ನಡಿ ಮುಂದೆ ಮೂಗಿನವರೆಗೆ ಬಂದು ಎದ್ದುಹೋದವನು. ಆ ಬೇಸರ ನನಗೆ ಗೊತ್ತು. ಆದರೂ ಒಂದು ವಾರ ಸ್ಪ್ಯಾನರು ಕಳೆದಿದೆ ಎಂದೆ. ಗಿರಿಜೆ ಹುಡುಕಿ ಕೊಟ್ಟಳು. ಬೋಲ್ಟು ತುಕ್ಕು ಹಿಡಿದಿದೆ ಎಂದೆ. ಎಣ್ಣೆ ತಂದು ಕೊಟ್ಟಳು. ಕುರ್ಚಿ ತಿರುಗಿತು. ಅಂದಿನಿಂದ ನನ್ನೆದುರಿಗಿದ್ದ ಮುಖ ಹೋಗಿ ಎರಡು ಪುಟ್ಟ ಜಡೆ, ಎರಡು ಕೆಂಪು ರಿಬ್ಬನ್ನು, ನಡುವೆ ಗಿರಿಜೆ ತೆಗೆದ ಬೈತಲೆ ಬಂದವು. ಮೊದಲ ದಿನ ನನಗೆ ಅಳುವೇ ಬಂದಿತ್ತು. ನೀಲಿ ಮಾತ್ರ ಆ ದಿನ ಎಷ್ಟು ಕೂಗಿದಳೆಂದರೆ ಮಿಲ್ಲಿನ ಮಂದಿ ಹೊರಗೆ ಬಂದು ನೋಡಿದರು. ರಸ್ತೆಯೆಂಬುದು ಮುಂದಿನಿಂದ ಬರುತ್ತದೆ ಎಂದು ಆಕೆಗೆ ಅವತ್ತೇ ತಿಳಿದದ್ದು. "ಅಪ್ಪಾ ಎತ್ತು! ಅಪ್ಪಾ ಎಮ್ಮಿ! ಅಪ್ಪಾ ಮೋಟಾರು!" ಎಂದು ಒಂದೊಂದನ್ನೂ ನನಗೆ ಹೇಳಿ ಕೊಡುವಳು. ಬೆಲ್ಲು ಆಕೆಯ ಪಾಲಾಯಿತು. ಎಮ್ಮೆಯ ಸುದ್ದಿ ನನಗೆ ಮೊದಲೇ ಸಿಗತೊಡಗಿ ನನ್ನ ಗಾಲಿಗಳು ಸ್ವಚ್ಛವಾದವು. ಹೀಗೆ ನಾನು ಸಮಾಧಾನ ಮಾಡಿಕೊಂಡೆ. ಬೈತಲೆಯಾದರೂ ಇದೆಯಲ್ಲ, ಎಣ್ಣೆಯ ವಾಸನೆಯಾದರೂ ಮೂಗಿಗೆ ಬರುತ್ತದಲ್ಲ.

ಈಗ ಮೊಣಕಾಲಿನ ವಿಷಯ. ಕುರ್ಚಿಯೇ ಅಗಲ, ಅದರಲ್ಲಿ ದಿನದಿನಕ್ಕೆ ಅಗಲವಾಗುವ ನೀಲಿ, ಆಕೆಯ ಎರಡು ಮೊಣಕೈ. ಇವೆಲ್ಲಕ್ಕೂ ಜಾಗ ಬಿಟ್ಟು ಪೆಡಲ್ ತುಳಿಯಬೇಕೆಂದರೆ ಕಾಲು ಹೊರಗೆ ಹೋಗಲೇಬೇಕು. ಮೊದಮೊದಲು ಸ್ವಲ್ಪ ಹೋದವು. ಆಮೇಲೆ ಇನ್ನಷ್ಟು. ಎರಡು ವರ್ಷ ಕಳೆದು ಮೂರನೆಯದು ಬರುವ ಹೊತ್ತಿಗೆ ನಾನು ಕಿರಿದಾದ ಓಣಿಗಳಲ್ಲಿ ಹೋಗುವುದನ್ನೇ ಬಿಟ್ಟೆ, ಎರಡೂ ಬದಿಯ ಗೋಡೆಯ ಸುಣ್ಣ ಪ್ಯಾಂಟಿಗೆ ಹತ್ತುತ್ತಿತ್ತು. ಗಿರಿಜೆ ಬಟ್ಟೆ ಒಗೆಯುವಾಗ ಅದನ್ನು ನೋಡುತ್ತಿದ್ದಳು, ಆದರೆ ಇನ್ನೂ ಏನೂ ಹೇಳಿರಲಿಲ್ಲ. ಒಂದು ದಿನ ಹೇಳಿದಳು. "ಕೂಸು ದೊಡ್ಡದಾತ್ರಿ. ಇನ್ನ ಹಿಂದ ಕ್ಯಾರಿಯರ ಮ್ಯಾಲೆ ಕುಂಡ್ರಸ್ರಿ." ಮುಖ ಹೋಗಿ ಜಡೆ ಬಂತು. ಈಗ ಜಡೆಯೂ ಹೋಗಿ ಬೆನ್ನ ಹಿಂದಿನ ಬರೀ ದನಿಯಾಗುತ್ತಾಳೆ ಮಗಳು. ಅದಕ್ಕೆ ನಾನು ತಯಾರಿರಲಿಲ್ಲ. ಹಾಗೆಂದು ಹೇಳುವ ಬದಲು, ಕ್ಯಾರಿಯರಿನ ಮೇಲೆ ಕೂತರೆ ಕಾಲು ಗಾಲಿಯಲ್ಲಿ ಸಿಗುತ್ತದೆ, ನಿದ್ದೆ ಬಂದರೆ ಬೀಳುತ್ತಾಳೆ, ಹಿಂದಿನಿಂದ ಯಾರಾದರೂ ಎತ್ತಿಕೊಂಡು ಹೋದರೆ ನನಗೆ ತಿಳಿಯುವುದೂ ಇಲ್ಲ ಎಂದು ದೊಡ್ಡ ಭಾಷಣ ಮಾಡಿದೆ. "ಎತ್ತಿಕೊಂಡು ಹೋದವರು ಸಂಜೀ ಒಳಗ ತಾವಾ ತಂದು ಬಿಟ್ಟು ಹೋಗ್ತಾರ, ಅಷ್ಟ ಮಾತಾಡತಾಳ ಆಕಿ" ಎಂದಳು ಗಿರಿಜೆ. ನಾನು ಸೋತೆನೆಂದು ಒಪ್ಪಲಿಲ್ಲ. ಆಕೆ ಇನ್ನೂ ಕುರ್ಚಿಯಲ್ಲಿ ಹಿಡಿಸುತ್ತಾಳಲ್ಲ, ಹಿಡಿಸುವವರೆಗೆ ಇರಲಿ ಎಂದೆ.

ಹಿಡಿಸುತ್ತಿದ್ದಳು, ನಿಜ. ಬಿಟ್ಟು ಬರುತ್ತಿರಲಿಲ್ಲ, ಅಷ್ಟೆ. ಇದು ತಿಳಿದದ್ದು ಸಂತೆಯ ದಿನ. ಮೆಂತ್ಯಸೊಪ್ಪು ಕೊಳ್ಳಲು ಸೈಕಲ್ ನಿಲ್ಲಿಸಿ ನೀಲಿಯ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ನೀಲಿ ಎದ್ದಳು, ಜೊತೆಗೆ ಸೈಕಲ್ಲಿನ ಮುಂದಿನ ಗಾಲಿಯೂ ಎದ್ದಿತು. ಇಳಿಸಿ ಮತ್ತೆ ಎತ್ತಿದೆ. ಮತ್ತೆ ಎದ್ದಿತು. ಸೊಪ್ಪು ಮಾರುವಾಕೆ ತಕ್ಕಡಿ ಕೆಳಗಿಟ್ಟು ಬಂದು ಸೈಕಲ್ಲನ್ನು ಹಿಡಿದುಕೊಂಡಳು. ನಾನು ಮಗಳನ್ನು ಜಗ್ಗಿದೆ. ಮಂದಿ ಕೂಡಿತು. ಒಬ್ಬರು ಎಣ್ಣೆ ಹಚ್ಚಿರಿ ಎಂದರು. ಒಬ್ಬರು ಕಚಗುಳಿ ಇಡಿರಿ, ನಕ್ಕಾಗ ಹೊಟ್ಟೆ ಒಳಗೆ ಹೋಗುತ್ತದೆ ಎಂದರು. ಇಟ್ಟೆ. ನಕ್ಕಳು, ಹೊಟ್ಟೆ ಹೊರಗೆ ಬಂತು. ನನಗೆ ಬೆವರು ಸುರಿಯುತ್ತಿತ್ತು. ನೀಲಿಗೆ ಮಾತ್ರ ಹಬ್ಬ. ಯಾರೋ ಕೈಗೆ ಚುರಮುರಿ ಕೊಟ್ಟಿದ್ದರು. "ಅಪ್ಪಾ, ನಾ ಇನ್ನ ಇದರಾಗ ಇರತೇನಿ. ಇಲ್ಲೇ ಉಣತೇನಿ, ಇಲ್ಲೇ ಮಕ್ಕೋತೇನಿ" ಎಂದಳು. ಒಂದು ಗಳಿಗೆ ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಇರಲಿ ಬಿಡು ಎನ್ನುವುದರಲ್ಲಿದ್ದೆ. ಕೊನೆಗೆ ಪಕ್ಕದ ಸೈಕಲ್ ಅಂಗಡಿಯ ಮಲ್ಲಪ್ಪ ಬಂದು ಕುರ್ಚಿಯ ಬೋಲ್ಟು ಬಿಚ್ಚಿದ. "ಕೂಸು ಬಿಡಸಾಕ ನನಗ ಬರಂಗಿಲ್ರಿ ಮಾಸ್ತರ, ಸೈಕಲ್ ಬಿಡಿಸಿ ಕೊಡತೇನಿ" ಎಂದ. ಹೀಗೆ ಸೈಕಲ್ಲನ್ನು ಅವನ ಅಂಗಡಿಯಲ್ಲಿ ಬಿಟ್ಟು, ಕುರ್ಚಿ ತೊಟ್ಟುಕೊಂಡ ಮಗಳನ್ನು ಎದೆಗವಚಿಕೊಂಡು ನಾನು ಪೇಟೆಯ ನಡುವೆ ಮನೆಗೆ ನಡೆದೆ. ಆಕೆ ದಾರಿಯುದ್ದಕ್ಕೂ ಚುರಮುರಿ ತಿನ್ನುತ್ತ, ಕಂಡವರಿಗೆಲ್ಲ ಕೈ ಬೀಸುತ್ತ ಬಂದಳು.

ಮನೆಯಲ್ಲಿ ಅವ್ವ ನೋಡಿದವಳೇ, "ಖುರ್ಚಿ ಕೊಯ್ಯಬ್ಯಾಡ್ರಿ ಮತ್ತ, ತವರವರು ಕೊಟ್ಟ ಸಾಮಾನು ಮುರೀಬಾರದು" ಎಂದು ಮೊದಲೇ ಎಚ್ಚರಿಸಿದಳು. "ನಾನು ಹೇಳಿರಲಿಲ್ಲವೇನು" ಎಂದು ಗಿರಿಜೆ ಕೇಳಲಿಲ್ಲ, ಹಾಗೆ ನೋಡಿದಳು ಅಷ್ಟೆ. ಬಂದು ನೆಲಕ್ಕೆ ಕೂತು, ಕೂಸಿನ ಕೆಳಗೆ ಕೈ ತೂರಿಸಿ, ಒಳಗಿದ್ದ ಕೌದಿಯನ್ನು ಹಿಡಿದು ಎಳೆದಳು. ಬಂತು. ಮತ್ತೆ ಕೈ ಹಾಕಿದಳು, ಇನ್ನೊಂದು ಕೌದಿ ಬಂತು. ಅದರ ಕೆಳಗೆ ಇನ್ನೊಂದು. ಒಂದರಲ್ಲಿ ನನ್ನ ಹಳೆಯ ಪಟ್ಟೆ ಅಂಗಿ, ಒಂದರಲ್ಲಿ ಅವ್ವನ ಇಳಕಲ್ ಸೀರೆಯ ತುಂಡು. ಕೊನೆಯದನ್ನು ಎಳೆದಾಗ ಗಿರಿಜೆಯ ದನಿ ಎದ್ದಿತು.

"ಅತ್ತ್ಯಾರ, ಇದು ನನ್ನ ನೀಲಿ ಬಣ್ಣದ ಸೀರಿ! ಎಷ್ಟ ದಿನಾ ಆತ್ರಿ ಇದನ್ನ ಹುಡುಕಾಕ ಹತ್ತಿ!"

"ಕೂಸಿನ ಬುಡಕ ಇತ್ತಲ್ಲವ್ವಾ, ಎಲ್ಲಿ ಹೋಗಿತ್ತು?" ಎಂದಳು ಅವ್ವ. ಆಕೆಗೆ ತಾನು ಮಾಡಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಕೂಸು ಬೆಳೆದಂತೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದಂತೆ ಬೆತ್ತ ಒತ್ತುತ್ತದೆ, ಒತ್ತದ ಹಾಗೆ ಕಾಲಕಾಲಕ್ಕೆ ಒಂದೊಂದು ಕೌದಿ ಹೆಚ್ಚು ಹಾಸಿದ್ದಾಳೆ. ಹಳೆಯದನ್ನು ತೆಗೆಯಬೇಕೆಂದು ಆಕೆಗೆ ಯಾಕೆ ಹೊಳೆಯಬೇಕು? ನಮ್ಮ ಮನೆಯಲ್ಲಿ ಹಾಸಿಗೆಗೆ ಹೊಸ ಕೌದಿ ಬಂದರೆ ಹಳೆಯದು ಅದರ ಕೆಳಗೆ ಹೋಗುತ್ತದೆ, ಹೊರಗೆ ಹೋಗುವುದಿಲ್ಲ. ಎಲ್ಲ ಕೌದಿ ಹೊರಬಂದ ಮೇಲೆ ನೀಲಿ ಯಾರ ಸಹಾಯವೂ ಇಲ್ಲದೆ ಕುರ್ಚಿಯಿಂದ ಎದ್ದು, ಉಳಿದ ಚುರಮುರಿಯೊಂದಿಗೆ ಅಂಗಳಕ್ಕೆ ಓಡಿದಳು.

ನನಗೋ, ಒಮ್ಮೆಲೇ ಜೀವ ಬಂದಂತಾಯಿತು. "ನೋಡಿದೇನು ಗಿರಿಜಾ? ದೊಡ್ಡದಾದದ್ದು ಕೌದಿ, ಕೂಸಲ್ಲ! ಇನ್ನ ಮ್ಯಾಲೆ ಆರಾಮ ಕುಂದ್ರತಾಳ" ಎಂದು ಕುಣಿದೆ. ಗಿರಿಜೆ ತನ್ನ ಸೀರೆಯ ಚೂರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಕುಂಡ್ರಸಿ ತೋರಸ್ರಿ" ಎಂದಳು. ಸೈಕಲ್ ತಂದು, ಕುರ್ಚಿ ಬಿಗಿದು, ಕೌದಿಯಿಲ್ಲದೆ ನೀಲಿಯನ್ನು ಕೂಡಿಸಿದೆ. ಇಳಿದಳು, ಇಳಿದಳು, ಮೊಣಕಾಲು ಗಲ್ಲಕ್ಕೆ ಬರುವವರೆಗೆ ಒಳಗೆ ಇಳಿದಳು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಸೈಕಲ್ ಹತ್ತಿದೆ. ಎಡಕ್ಕೆ ಹ್ಯಾಂಡಲ್ ತಿರುಗಿತು. ಬಲಕ್ಕೆ ತಿರುಗಿಸಿದರೆ ಆಕೆಯ ಮೊಣಕಾಲು ಅಡ್ಡ ಬರುತ್ತಿತ್ತು. ಮನೆಯ ಮುಂದಿನ ಬೇವಿನ ಮರವನ್ನು ಎಡಕ್ಕೆ ಸುತ್ತಿ ಬಂದೆ. ಮುಂದೆ ಹೋಗಬೇಕೆಂದರೆ ಬಲಕ್ಕೆ ತಿರುಗಬೇಕು. ತಿರುಗದು. ಇನ್ನೊಂದು ಸುತ್ತು ಹಾಕಿದೆ. ನೆರೆಮನೆಯವರು ಹೊರಗೆ ಬಂದರು. ಮತ್ತೊಂದು ಸುತ್ತು ಹಾಕಿದೆ. ಗಿರಿಜೆ ಕಟ್ಟೆಯ ಮೇಲೆ ಕೂತು ಹೇಳಿದಳು: "ಹಿಂಗ ಎಡಕ್ಕ ತಿರುಗಿಕೋತ ತಿರುಗಿಕೋತ ನಡೀರಿ. ಸಂಜೀಕ ಸಾಲಿ ಮುಟ್ಟತೀರಿ."

ಆಗಲೂ ನಾನು ಇಳಿಯುತ್ತಿರಲಿಲ್ಲವೇನೋ. ಆದರೆ ಕುರ್ಚಿಯೊಳಗಿನಿಂದ ಸಣ್ಣ ದನಿ ಬಂತು. "ಅಪ್ಪಾ, ನಾ ಹಿಂದ ಕುಂದ್ರತೇನಿ." ನಿಲ್ಲಿಸಿದೆ. ಇಳಿಸಿದೆ. ಆಕೆ ತಾನಾಗಿಯೇ ಕ್ಯಾರಿಯರಿನ ಹತ್ತಿರ ಹೋ‌ಗಿ ಅದನ್ನು ತಟ್ಟಿ, ಎತ್ತು ಎಂದು ಎರಡೂ ಕೈ ಚಾಚಿದಳು. ಮುಂದಿನ ಕುರ್ಚಿಯನ್ನು ಒಂದು ಸಲ ತಿರುಗಿಯೂ ನೋಡಲಿಲ್ಲ. ಅಲ್ಲಿ ನಾನು ಎಷ್ಟು ವರ್ಷ ಕಳೆದಿದ್ದೆ!

ಕುರ್ಚಿ ಕಟಕೋಳಕ್ಕೆ ಹೋಯಿತು. ಅಲ್ಲಿ ಗಿರಿಜೆಯ ತಂಗಿಗೆ ಆಗಷ್ಟೇ ಗಂಡು ಹುಟ್ಟಿತ್ತು. ತಲುಪಿಸಲು ನಾನೇ ಬಸ್ಸಿನಲ್ಲಿ ಹೊರಟೆ. ಖಾಲಿ ಒಯ್ಯಬಾರದಲ್ಲ, ಅವ್ವ ಅದರಲ್ಲಿ ಒಂದು ಕುಂಬಳಕಾಯಿ ಕೂಡಿಸಿ, ಬೆಲ್ಲದ ತುಂಡೊಂದನ್ನು ಬದಿಗಿಟ್ಟು ಕಟ್ಟಿಕೊಟ್ಟಳು. ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು ಬಂದು ಕುಂಬಳಕಾಯಿಯನ್ನೂ ನನ್ನನ್ನೂ ನೋಡಿ, "ಅಪ್ಪನಂಗ ಐತ್ರಿ" ಎಂದು ಟಿಕೆಟ್ ಹರಿದ. ಅಲ್ಲಿ ಮುಟ್ಟಿದ ಮೇಲೆ ಷಡ್ಡಕನಿಗೆ ಎರಡೂ ದಿಕ್ಕಿಗೆ ತಿರುಗಿಸುವ ವಿದ್ಯೆ ಹೇಳಿಕೊಟ್ಟೆ. ಕೂಸು ಬೆಳೆದಂತೆ ಹಳೆಯ ಕೌದಿ ತೆಗೆಯಬೇಕೆಂದೂ ಹೇಳಿದೆ. ಮೊದಲು ಎದುರಾಗಿ ಕೂಡಿಸು, ತಿರುಗಿಸಲು ಅವಸರ ಮಾಡಬೇಡ, ಹೆಂಡತಿ ಸ್ಪ್ಯಾನರು ಹುಡುಕಿ ಕೊಡುವವರೆಗೂ ಕಾಯಿ ಎಂದು ಕಿವಿಯಲ್ಲಿ ಹೇಳಿದೆ.

ನೀಲಿ ಈಗ ಬಾಲವಾಡಿ ಸಾಲಿಗೆ ಹೋಗುತ್ತಾಳೆ. ಮಾವನವರು ಹಿಂದಿನ ಗಾಲಿಯ ಎರಡೂ ಬದಿಗೆ ತಗಡಿನ ಮರೆ ಮಾಡಿ ಕಳಿಸಿದ್ದಾರೆ, ಕಾಲು ಸಿಗುವ ಭಯವಿಲ್ಲ. ಆಕೆ ನನ್ನ ಅಂಗಿ ಹಿಡಿದುಕೊಂಡು ಬೆನ್ನ ಹಿಂದಿನಿಂದ ಮಾತಾಡುತ್ತಲೇ ಇರುತ್ತಾಳೆ. ಹೋದ ವಾರ ಬೆಳಿಗ್ಗೆ ಹಾಗೆ ಮಾತಾಡುತ್ತಿದ್ದವಳು ನಡುವೆ ಸುಮ್ಮನಾದಳು. ಬದಿಯಿಂದ ಬಗ್ಗಿ ನನ್ನ ಮೊಣಕಾಲನ್ನು ನೋಡುತ್ತಿದ್ದಳೆಂದು ಕಾಣುತ್ತದೆ.

"ಅಪ್ಪಾ, ಮುಂದ ಯಾರ ಕುಂತಾರ?"

"ಯಾರೂ ಇಲ್ಲವ್ವಾ."

"ಮತ್ತ ಜಾಗಾ ಯಾರಿಗೆ ಬಿಟ್ಟಿ?"

ನಾನು ಕೆಳಗೆ ನೋಡಿಕೊಂಡೆ. ಕುರ್ಚಿ ಹೋಗಿ ತಿಂಗಳುಗಳಾಗಿದ್ದವು. ಬರೀ ದಂಡ ಇತ್ತು, ಅದರ ಎರಡೂ ಬದಿಗೆ ನನ್ನ ಮೊಣಕಾಲುಗಳು ಇದ್ದಲ್ಲೇ ಇದ್ದವು. ಒಳಗೆ ತಂದೆ. ಸೈಕಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡಿ, ಹತ್ತಿಯ ಚಕ್ಕಡಿಯೊಂದಕ್ಕೆ ಮೂತಿ ಹಚ್ಚಿ ನಿಂತಿತು. ಒಂದು ಕಾಲು ನೆಲಕ್ಕೆ ಊರಿ ನಿಂತುಕೊಂಡೆ. ಮೊಣಕಾಲು ಕೂಡಿಸಿ ಸೈಕಲ್ ಹೊಡೆಯುವುದು ನನಗೆ ಮರೆತೇ ಹೋಗಿತ್ತು.

"ಖಾಲಿ ಒಯ್ಯಬಾರದಪ್ಪಾ, ಆಯಿ ಬೈತಾಳ" ಎಂದು ಅಜ್ಜಿಯ ನೇಮ ಹೇಳಿದಳು ನೀಲಿ. ಹಾಗೆಂದು ತನ್ನ ಹೆಗಲಿನ ಪಾಟಿಚೀಲ ತೆಗೆದು, ಹಿಂದಿನಿಂದ ನನ್ನ ಕಂಕುಳ ಸಂದಿಯಲ್ಲಿ ಮುಂದಕ್ಕೆ ತೂರಿಸಿದಳು. "ಇದನ್ನ ಕುಂಡ್ರಸಕೋ."

ಹ್ಯಾಂಡಲ್ಲಿಗೆ ಹಿಡಿಕೆ ಸಿಕ್ಕಿಸಿ ಪಾಟಿಚೀಲವನ್ನು ದಂಡದ ಮೇಲೆ ಕೂಡಿಸಿಕೊಂಡೆ. ಅದು ಅತ್ತಿತ್ತ ಜಾರದ ಹಾಗೆ, ಅದಕ್ಕೆ ತಾಗದ ಹಾಗೆ, ಮೊಣಕಾಲುಗಳನ್ನು ಅಗಲಿಸಿ ಪೆಡಲ್ ತುಳಿದೆ. ಸೈಕಲ್ಲು ನೆಟ್ಟಗೆ ಹೋಯಿತು. ಈಗ ನಾನು ದಿನಾ ಸಾಲಿಯ ಬಾಗಿಲಲ್ಲಿ ಆಕೆಗೆ ಪಾಟಿಚೀಲ ಕೊಟ್ಟು ಇಳಿಸಿ, ಅಲ್ಲಿಂದ ಮುಂದೆ ನನ್ನ ಶಾಲೆಯವರೆಗೆ ಒಂದು ಬದನೆಕಾಯಿಯನ್ನು ದಂಡಕ್ಕೆ ಕಟ್ಟಿಕೊಂಡು ಒಯ್ಯುತ್ತೇನೆ.